ಕಪಿಯ ಮಿದುಳೂ ಗಂಡನ ಸಂಶಯವೂ

ಕನ್ನಡನಾಡಿನ ಪೂರ್ವಿಕರು ಮತ್ಸರವೆಂಬ ಬೆಂಕಿಗೆ ಹೊಟ್ಟೆಯಲ್ಲಿ ಸ್ಥಳವನ್ನು ಕೊಟ್ಟು ಅದನ್ನು ಹೊಟ್ಟೆಕಿಚ್ಚೆಂದು ಕರೆದರು. ಆ ಮಾತನ್ನು ಶರೀರಶಾಸ್ತ್ರದ ಪ್ರಮಾಣವೆಂದು ಯಾರೂ ಎಣಿಸಲಿಲ್ಲ. ಮತ್ಸರಿಯ ಜಠರದೊಳಗೆ ಕಿಚ್ಚನ್ನು ಹುಡುಕಹೊರಟ ವೈದ್ಯನೂ ಇಲ್ಲ. ಈಚೆಗೆ ಈ ಕಿಚ್ಚಿನ ಮನೆಯು ಹೊಟ್ಟೆಯಿಂದ ತಲೆಗೆ ವರ್ಗವಾಗಿದೆ. ಕಪಿ, ಇಲಿ, ನಾಯಿಗಳ ಮಿದುಳನ್ನು ಯಂತ್ರಗಳಿಂದ ಪರೀಕ್ಷಿಸಿದ ಪಂಡಿತರು ಮತ್ಸರದ ಕೇಂದ್ರವನ್ನು ಕಂಡುಹಿಡಿದಿರುವರೆಂಬ ಮಾತು ಓದುಬಲ್ಲವರ ಸಂಭಾಷಣೆಯಲ್ಲಿ ಸುಳಿದಾಡುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಹೊರಡುತ್ತದೆ. ಸಂಗಾತಿಯನ್ನು ಕಾಯುವುದು ಪ್ರಾಣಿಗಳಿಗೆ ಸಹಜ. ಆದಕಾರಣ ಗಂಡನು ಹೆಂಡತಿಯ ಮೇಲೆ ಸಂಶಯಪಡುವುದೂ, ಆಕೆಯ ಹೋಗುಬರುವಿಕೆಗೆ ಕಾವಲಿಡುವುದೂ, ಆವೇಶ ಬಂದಾಗ ಕೈಯೆತ್ತುವುದೂ ಪ್ರಕೃತಿಯ ಕೆಲಸವೇ ಹೊರತು ಅವನ ಅಪರಾಧವಲ್ಲ ಎಂಬುದೇ ಆ ಮಾತು.

ಈ ಎರಡು ಮಾತುಗಳಲ್ಲಿ ಮೊದಲನೆಯದು ಅರೆಸತ್ಯ. ಎರಡನೆಯದು ಪೂರ್ಣ ಅಸತ್ಯ. ಅರೆಸತ್ಯದ ಬಂಡಿಯನ್ನೇರಿ ಬಂದ ಅಸತ್ಯವನ್ನು ಬಾಗಿಲಲ್ಲಿಯೇ ತಡೆಯದೆ ಹೋದರೆ ಅದು ಮನೆಯ ಯಜಮಾನನಾಗಿ ಕುಳಿತುಬಿಡುತ್ತದೆ. ಆದುದರಿಂದ ಇವೆರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಅವಶ್ಯ.

ಖಂಡನಕ್ಕೆ ಮೊದಲು ಪೂರ್ವಪಕ್ಷವನ್ನು ಯಥಾವತ್ತಾಗಿ ಹೇಳುವುದು ಶಾಸ್ತ್ರಮರ್ಯಾದೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಟೀಟೀ ಎಂಬ ಚಿಕ್ಕ ಕೋತಿಗಳುಂಟು. ಅವುಗಳಲ್ಲಿ ತಾಮ್ರವರ್ಣದ ಒಂದು ಜಾತಿಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯವರು ಸಾಕಿ ಅಭ್ಯಾಸಮಾಡುತ್ತ ಬಂದಿದ್ದಾರೆ. ಈ ಕೋತಿಗಳು ಒಂದು ಗಂಡು ಒಂದು ಹೆಣ್ಣು ಎಂಬ ಜೋಡಿಯಾಗಿ ಬಾಳತಕ್ಕವು. ಕೊಂಬೆಯ ಮೇಲೆ ಮಗ್ಗುಲಿಗೆ ಮಗ್ಗುಲು ಕುಳಿತು ಬಾಲಕ್ಕೆ ಬಾಲವನ್ನು ಹೆಣೆದುಕೊಳ್ಳುವುದು ಅವುಗಳ ಪ್ರಸಿದ್ಧ ಲಕ್ಷಣ. ಮರಿಯನ್ನು ಹೆಚ್ಚಾಗಿ ಹೊತ್ತು ತಿರುಗುವುದು ತಂದೆಯೇ. ಅನ್ಯ ಗಂಡು ಸಮೀಪಕ್ಕೆ ಬಂದರೆ ಗಂಡು ಟೀಟೀಯು ಕಳವಳಗೊಳ್ಳುವುದಲ್ಲದೆ ಕೆಲವು ವೇಳೆ ತನ್ನ ಸಂಗಾತಿಯನ್ನು ಹಿಡಿದು ನಿಲ್ಲಿಸುವುದೂ ಉಂಟು.

ನಿಕೋಲ್ ಮ್ಯಾನಿಂಗರ್, ಕ್ಯಾರೆನ್ ಬೇಲ್ಸ್ ಮೊದಲಾದವರು ಈ ಗಂಡುಗಳ ಮೇಲೆ ನಡೆಸಿದ ಪ್ರಯೋಗವು 2017ರಲ್ಲಿ ಪ್ರಕಟವಾಯಿತು. ಕಿರಣ ಸೂಸುವ ಗುರುತನ್ನು ಹಚ್ಚಿದ ಒಂದು ಬಗೆಯ ಸಕ್ಕರೆಯನ್ನು ಕೋತಿಯ ರಕ್ತದಲ್ಲಿ ಸೇರಿಸಿದರು. ಮಿದುಳಿನ ಯಾವ ಭಾಗವು ಹೆಚ್ಚು ದುಡಿಯುತ್ತದೆಯೋ ಆ ಭಾಗವು ಹೆಚ್ಚು ಸಕ್ಕರೆಯನ್ನು ಹೀರುವುದರಿಂದ, ಅನಂತರ ಪೆಟ್ ಸ್ಕ್ಯಾನ್ ಎಂಬ ಯಂತ್ರದಲ್ಲಿ ನೋಡಿದಾಗ ಆ ದುಡಿಮೆಯ ಗುರುತು ಕಾಣಬರುತ್ತದೆ. ಗಂಡಿನ ಕಣ್ಣೆದುರಿಗೆ ಅದರ ಸಂಗಾತಿಯನ್ನು ಒಂದು ಅನ್ಯ ಗಂಡಿನ ಪಕ್ಕದಲ್ಲಿ ಅರ್ಧ ಗಂಟೆಯ ಕಾಲ ಇರಿಸಿದರು. ಹೋಲಿಕೆಗಾಗಿ ಇನ್ನೊಂದು ಸಲ, ಪರಿಚಯವಿಲ್ಲದ ಹೆಣ್ಣನ್ನು ಪರಿಚಯವಿಲ್ಲದ ಗಂಡಿನ ಪಕ್ಕದಲ್ಲಿರಿಸಿ ತೋರಿಸಿದರು. ತನ್ನ ಸಂಗಾತಿಯನ್ನು ಅನ್ಯನ ಬಳಿಯಲ್ಲಿ ಕಂಡ ಗಂಡಿನ ರಕ್ತದಲ್ಲಿ ಟೆಸ್ಟೊಸ್ಟೆರಾನ್, ಕಾರ್ಟಿಸಾಲ್ ಎಂಬ ಎರಡು ರಸಗಳು ಏರಿದ್ದುವು. ಮಿದುಳಿನಲ್ಲಿ ಲ್ಯಾಟರಲ್ ಸೆಪ್ಟಮ್ ಎಂಬ ಭಾಗವೂ ಸಿಂಗ್ಯುಲೇಟ್ ಎಂಬ ಪದರದ ಕೆಲವು ಭಾಗಗಳೂ ಹೆಚ್ಚು ದುಡಿದಿದ್ದುವು; ಅಮಿಗ್ಡಲಾ ಎಂಬ ಗಂಟಿನ ಒಳಮಗ್ಗುಲು ಮಾತ್ರ ಕಡಿಮೆ ದುಡಿದಿತ್ತು.

ಸಂಗಾತಿಯನ್ನು ಕಾಯುವ ಕೆಲಸದ ಬಗ್ಗೆ ಇದಕ್ಕಿಂತ ಹಿಂದಿನ ಪ್ರಯೋಗವೊಂದು ಪ್ರೇರಿ ವೋಲ್ ಎಂಬ ಇಲಿಜಾತಿಯದು. ಉತ್ತರ ಅಮೆರಿಕದ ಹುಲ್ಲುಗಾವಲುಗಳ ಈ ಪ್ರಾಣಿಯಲ್ಲಿಯೂ ಗಂಡುಹೆಣ್ಣುಗಳು ಜೋಡಿ ಕಟ್ಟುತ್ತವೆ. ಹೆಣ್ಣನ್ನು ಕೂಡುವುದಕ್ಕೆ ಮೊದಲು ಗಂಡು ಸಾಧುಪ್ರಾಣಿ. ಒಂದು ಹಗಲೂ ಒಂದು ರಾತ್ರಿಯೂ ಅದರೊಡನೆ ಕಳೆದ ಮೇಲೆ, ಗೂಡಿಗೆ ಬಂದ ಅಪರಿಚಿತರ ಮೇಲೆ ಅದು ಎರಗುತ್ತದೆ. ಜೇಮ್ಸ್ ವಿನ್ಸ್ಲೊ, ಸೂ ಕಾರ್ಟರ್, ಥಾಮಸ್ ಇನ್ಸೆಲ್ ಮೊದಲಾದವರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಿದುಳಿನಲ್ಲಿ ವ್ಯಾಸೊಪ್ರೆಸಿನ್ ಎಂಬ ದ್ರವ್ಯದ ಕೆಲಸವನ್ನು ಮುಂಚಿತವಾಗಿಯೇ ತಡೆದರು. ಆಗ ಕೂಟದ ಅನಂತರವೂ ಗಂಡಿನಲ್ಲಿ ಆ ಎರಗುವಿಕೆ ಹುಟ್ಟಲಿಲ್ಲ. ತನ್ನ ಹೆಣ್ಣನ್ನೇ ಅರಸಿ ಅದರ ಬಳಿ ಸೇರುವ ಒಲವೂ ಹುಟ್ಟಲಿಲ್ಲ. ಒಲವೂ ಕಾವಲೂ ಒಂದೇ ದ್ರವ್ಯದ ನೆರವಿನಿಂದ ಬೆಳೆಯುವುವೆಂಬುದು ಇದರಿಂದ ಕಂಡುಬಂದಿತು.

ಇಷ್ಟು ಕೆಲಸವನ್ನು ಮಾಡಿದ ಪಂಡಿತರ ಶ್ರದ್ಧೆಯೂ ಜಾಣ್ಮೆಯೂ ಸರ್ವಥಾ ಗೌರವಾರ್ಹವಾದವು. ವಿವಾದವು ಅವರೊಡನೆ ಅಲ್ಲ. ಟೀಟೀ ಕೋತಿಗಳ ಲೇಖನದ ಶೀರ್ಷಿಕೆಯಲ್ಲಿ ಮತ್ಸರಾರ್ಥದ ಆಂಗ್ಲ ಪದವನ್ನು ಆ ಲೇಖಕರೇ ಉದ್ಧರಣ ಚಿಹ್ನೆಗಳ ನಡುವೆ ಇರಿಸಿದ್ದಾರೆ. ಈ ಪದವನ್ನು ಇಲ್ಲಿ ಮುಖ್ಯಾರ್ಥದಲ್ಲಿ ಹಿಡಿಯಬಾರದು, ಒಂದು ಸನ್ನಿವೇಶದ ಹೆಸರಾಗಿ ಮಾತ್ರ ಹಿಡಿಯಬೇಕೆಂಬುದು ಅಂತಹ ಗುರುತಿನ ತಾತ್ಪರ್ಯ. ಮೂಲದಲ್ಲಿದ್ದ ಆ ಎರಡು ಸಣ್ಣ ಗುರುತುಗಳು ಸಮುದ್ರವನ್ನು ದಾಟಿ ಜನರ ಬಾಯಿಗೆ ಬರುವಷ್ಟರಲ್ಲಿ ಉದುರಿಹೋದುವು. ಪಂಡಿತರು ಸಂಶಯದಿಂದ ಆಡಿದ ಮಾತು ಪಾಮರರಲ್ಲಿ ನಿಶ್ಚಯವಾಯಿತು. ಆ ನಿಶ್ಚಯದೊಡನೆಯೇ ಇಲ್ಲಿನ ವಿವಾದ.

ಮೊದಲನೆಯ ದೋಷವು ಶಬ್ದದ್ದು. ಆಂಗ್ಲಭಾಷೆಯ ಒಂದೇ ಪದಕ್ಕೆ ಕನ್ನಡದಲ್ಲಿ ಹೊಟ್ಟೆಕಿಚ್ಚು, ಮತ್ಸರ, ಅಸೂಯೆ, ಈರ್ಷ್ಯೆ ಎಂಬ ನಾಲ್ಕು ಪದಗಳನ್ನು ಬಂದ ಹಾಗೆ ಬಳಸುವುದು ರೂಢಿಯಾಗಿದೆ. ಇವು ನಾಲ್ಕೂ ಒಂದಲ್ಲ. ಅಮರಸಿಂಹನು ಈರ್ಷ್ಯೆಯನ್ನು ಸಹನೆಯಿಲ್ಲದಿರುವಿಕೆಯೆಂದೂ, ಅಸೂಯೆಯನ್ನು ಗುಣಗಳಲ್ಲಿಯೂ ದೋಷವನ್ನು ಹೊರಿಸುವಿಕೆಯೆಂದೂ ಬೇರ್ಪಡಿಸಿದ್ದಾನೆ. ನೆರೆಮನೆಯವನ ಫಸಲನ್ನು ಕಂಡು ಕುದಿಯುವುದು ಹೊಟ್ಟೆಕಿಚ್ಚು. ತನ್ನವಳೆಂದುಕೊಂಡವಳು ಅನ್ಯನ ಪಾಲಾಗುವಳೇನೋ ಎಂದು ಬೆದರುವುದು ಹೊಟ್ಟೆಕಿಚ್ಚಲ್ಲ. ಮೊದಲನೆಯದು ಇಲ್ಲದ್ದಕ್ಕಾಗಿ, ಎರಡನೆಯದು ಇದ್ದದ್ದು ಹೋದೀತೆಂಬುದಕ್ಕಾಗಿ. ಈ ಎರಡನೆಯದಕ್ಕೆ ಕನ್ನಡದ ಮನೆಗಳಲ್ಲಿ ನಿಜವಾಗಿ ನಡೆಯುವ ಮಾತು ಬೇರೆ ಇದೆ. ಗಂಡನಿಗೆ ಹೆಂಡತಿಯ ಮೇಲೆ ಮತ್ಸರವೆಂದು ಯಾರೂ ಹೇಳುವುದಿಲ್ಲ, ಸಂಶಯವೆನ್ನುತ್ತಾರೆ. ಸಂಶಯವೆಂಬುದು ಮನಸ್ಸಿನ ಉರಿಯ ಹೆಸರಲ್ಲ, ಬುದ್ಧಿಯ ಒಂದು ಸ್ಥಿತಿಯ ಹೆಸರು. ಹಾವೋ ಹಗ್ಗವೋ ಎಂದು ತೂಗಾಡುವ ಬುದ್ಧಿಯೇ ಸಂಶಯ. ಕನ್ನಡಿಗರು ಗಂಡನ ಈ ರೋಗವನ್ನು ಹೊಟ್ಟೆಯಲ್ಲಿ ಇರಿಸದೆ ಬುದ್ಧಿಯಲ್ಲಿ ಇರಿಸಿದುದು ಅವರ ವಿವೇಕಕ್ಕೆ ಸಾಕ್ಷಿ.

ಇನ್ನೊಂದು ಸಂಗತಿಯೂ ಗಮನಾರ್ಹ. ದಾಂಪತ್ಯದಲ್ಲಿ ಮತ್ಸರವೆಂಬ ಪದವನ್ನು ಲೋಕವು ಬಳಸಿದಾಗಲೆಲ್ಲ ಅದನ್ನು ಹೆಂಗಸಿಗೆ ಅಂಟಿಸಿ ಸವತಿಮತ್ಸರವೆಂದಿತು. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ಈರ್ಷ್ಯಾಮಾನವನ್ನು ಸ್ತ್ರೀಯರಿಗೇ ಹೇಳಿದನು. ಪ್ರಿಯನು ಅನ್ಯಳಲ್ಲಿ ಆಸಕ್ತನೆಂದು ಕೇಳಿಯೋ, ಊಹಿಸಿಯೋ, ಕಂಡೋ ಹುಟ್ಟುವ ಕೋಪವದು. ಅದೇ ಕೋಪವು ಪುರುಷನಲ್ಲಿ ಹುಟ್ಟಿದಾಗ ಲೋಕವು ಅದಕ್ಕೆ ಮಾನರಕ್ಷಣೆ, ಕುಲಗೌರವ ಎಂಬ ದೊಡ್ಡ ಹೆಸರುಗಳನ್ನಿಟ್ಟಿತು. ಹೆಂಗಸಿನಲ್ಲಿ ಇದ್ದರೆ ಸಣ್ಣತನ, ಗಂಡಸಿನಲ್ಲಿ ಇದ್ದರೆ ಮಾನ! ಈಗ ಮೂರನೆಯ ಹೆಸರಾಗಿ ಪ್ರಕೃತಿಯೆಂಬುದು ಬಂದಿದೆ. ಹೆಸರು ಬದಲಾದಮಾತ್ರಕ್ಕೆ ವಸ್ತು ಬದಲಾಗದು.

ಎರಡನೆಯ ದೋಷವು ಅನುಮಾನದ್ದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿಯಾದ ಅನುಮಾನವೆಂದೂ, ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸುವುದು ತಪ್ಪೆಂದೂ ತರ್ಕವನ್ನು ಓದಲಾರಂಭಿಸಿದ ಬಾಲಕನೂ ಬಲ್ಲನು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಸಾಧ್ಯವಿಲ್ಲದ ಕಡೆಯಲ್ಲಿಯೂ ಇರತಕ್ಕ ಇಂತಹ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆಂದು ತಳ್ಳಿಹಾಕಿದರು. ಮಿದುಳಿನ ಇಂತಹ ಭಾಗವು ದುಡಿಯಿತು, ಆದುದರಿಂದ ಮತ್ಸರವು ಹುಟ್ಟಿತು, ಇದೇ ಮತ್ಸರದ ಮನೆ ಎಂಬ ವಾದವು ಈ ದೋಷಕ್ಕೆ ನೇರವಾಗಿ ಗುರಿಯಾಗುತ್ತದೆ.

ನಿದರ್ಶನಗಳನ್ನು ನೋಡಬಹುದು. ಟೀಟೀ ಕೋತಿಯಲ್ಲಿ ಹೆಚ್ಚು ದುಡಿದ ಸಿಂಗ್ಯುಲೇಟಿನ ಹಿಂಭಾಗವು, ಮನುಷ್ಯನು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿ ತನ್ನ ಪಾಡಿಗೆ ಏನನ್ನೋ ನೆನೆಯುತ್ತಿರುವಾಗಲೂ ಚುರುಕಾಗಿರತಕ್ಕ ಭಾಗವೆಂದು 2001ರಿಂದೀಚೆಗೆ ಪ್ರಸಿದ್ಧವಾಗಿದೆ. ಅದು ಮತ್ಸರದ ಮನೆಯೇ ಆಗಿದ್ದರೆ ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಒರಗಿದವರೆಲ್ಲರೂ ಮಹಾಮತ್ಸರಿಗಳಾಗಬೇಕಾಗುತ್ತದೆ! ಅಮಿಗ್ಡಲದ ವಿಷಯವು ಇದಕ್ಕಿಂತಲೂ ಸ್ವಾರಸ್ಯವಾದುದು. ಅಮೆರಿಕದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ನಾಯಿಗಳಿಗೆ ಎಚ್ಚರವಾಗಿದ್ದು ಅಲುಗಾಡದೆ ಸ್ಕ್ಯಾನ್ ಯಂತ್ರದಲ್ಲಿ ಮಲಗುವುದನ್ನು ಕಲಿಸಿದರು. ಒಡೆಯನು ಬೊಂಬೆ ನಾಯಿಗೆ ಆಹಾರ ಕೊಡುವುದನ್ನು ಕಂಡಾಗ ಆ ನಾಯಿಗಳ ಮಿದುಳಿನಲ್ಲಿ ಏನಾಗುವುದೆಂದು ನೋಡಿ 2018ರಲ್ಲಿ ಫಲವನ್ನು ಪ್ರಕಟಿಸಿದರು. ಅಲ್ಲಿ ಅಮಿಗ್ಡಲವು ಹೆಚ್ಚು ದುಡಿಯಿತು. ಅನ್ಯ ನಾಯಿಗಳ ಮೇಲೆ ಎರಗುವ ಸ್ವಭಾವದವುಗಳಲ್ಲಿ ಅದು ಇನ್ನೂ ಎದ್ದುಕಂಡಿತು. ನಾಯಿಯಲ್ಲಿ ಏರಿದ ಅಮಿಗ್ಡಲವೂ, ಕೋತಿಯಲ್ಲಿ ಒಳಮಗ್ಗುಲು ಇಳಿದ ಅಮಿಗ್ಡಲವೂ ಒಂದೇ ಹೆಸರಿನ ಭಾವಕ್ಕೆ ಸಾಕ್ಷಿ ಹೇಳಬಂದಿವೆ. ಒಂದು ಸಾಕ್ಷಿಯು ಆರೋಪಿ ಮನೆಯಲ್ಲಿದ್ದನೆಂದೂ ಇನ್ನೊಂದು ಇರಲಿಲ್ಲವೆಂದೂ ನುಡಿದರೆ ನ್ಯಾಯಾಧೀಶನು ತೀರ್ಪನ್ನು ಬರೆಯುವುದಕ್ಕೆ ಮೊದಲು ಲೇಖನಿಯನ್ನು ಕೆಳಗಿಡುವನು. ಭಾಗದ ಭಾಗ ಬೇರೆ, ಪ್ರಾಣಿ ಬೇರೆ, ಅಳತೆಯ ರೀತಿ ಬೇರೆ ಎಂದು ಸಮಾಧಾನ ಹೇಳಬಹುದು. ಆ ಸಮಾಧಾನವು ಸರಿಯೇ. ಆದರೆ ಅದನ್ನು ಒಪ್ಪಿದವನು, ಮತ್ಸರದ ಕೇಂದ್ರವೊಂದು ಸಿಕ್ಕಿದೆ ಎಂಬ ಘೋಷಣೆಯನ್ನು ಅದೇ ಉಸಿರಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಈ ದೋಷವನ್ನು ಭಾರತೀಯ ತರ್ಕವೊಂದೇ ಎತ್ತಿ ತೋರಿಸುತ್ತದೆಂದು ತಿಳಿಯಬೇಕಾಗಿಲ್ಲ. ಮಿದುಳಿನ ಚಿತ್ರವನ್ನು ನೋಡಿ ಮನಸ್ಸಿನ ಭಾವವನ್ನು ಹಿಂದುಮುಂದಾಗಿ ಊಹಿಸುವ ಈ ಅಭ್ಯಾಸದ ದೌರ್ಬಲ್ಯವನ್ನು ಅಮೆರಿಕದ ರಸೆಲ್ ಪೋಲ್ಡ್ರಾಕ್ ಎಂಬ ವಿಜ್ಞಾನಿಯೇ 2006ರಲ್ಲಿ ಎತ್ತಿ ಆಡಿದನು. ದ್ರವ್ಯಗಳ ವಿಷಯದಲ್ಲಿಯೂ ಇದೇ ಗತಿ. ಜೋಡಿ ಕಟ್ಟುವ ಇಲಿಗೆ ಆಕ್ಸಿಟೋಸಿನ್ ಎಂಬ ರಸವನ್ನು ಹಿಡಿಯುವ ಗ್ರಾಹಕವು ಅನಿವಾರ್ಯವೆಂದು ಬಹುಕಾಲ ನಂಬಿಕೆಯಿತ್ತು. ಆ ಗ್ರಾಹಕವೇ ಇಲ್ಲದಂತೆ ಹುಟ್ಟಿಸಿದ ಪ್ರೇರಿ ವೋಲ್‌ಗಳೂ ಜೋಡಿ ಕಟ್ಟಿ ಮರಿಗಳನ್ನು ಸಾಕಿದುವೆಂದು 2023ರಲ್ಲಿ ಪ್ರಕಟವಾಯಿತು. ನಿನ್ನೆ ಅನಿವಾರ್ಯವೆಂದಿದ್ದುದು ಇಂದು ಹಾಗಲ್ಲವೆಂದು ಒಪ್ಪಿಕೊಳ್ಳುವುದು ವಿಜ್ಞಾನಕ್ಕೆ ಭೂಷಣ. ಆದರೆ ನಿನ್ನೆಯ ಮಾತಿನ ಮೇಲೆ ಮನೆಯ ನ್ಯಾಯವನ್ನು ಕಟ್ಟಿಕೊಂಡವನ ಪಾಡೇನು?

ಇಲ್ಲಿ ವಿರುದ್ಧ ದಿಕ್ಕಿನ ಒಂದು ಅತಿರೇಕವನ್ನೂ ನಿವಾರಿಸಬೇಕು. ಪಶುಗಳಿಗೆ ಭಾವವೇ ಇಲ್ಲ, ಅವು ಕೀಲಿ ಕೊಟ್ಟ ಬೊಂಬೆಗಳು, ಮತ್ಸರವೆಲ್ಲ ನೋಡುವವನ ಕಲ್ಪನೆ ಎಂದು ಕೆಲವರು ವಾದಿಸುತ್ತಾರೆ. ಇದೂ ನಿಲ್ಲುವ ಮಾತಲ್ಲ. ಒಡೆಯನು ಅನ್ಯಪ್ರಾಣಿಯನ್ನು ಮುದ್ದಿಸಿದರೆ ನಾಯಿ ಸಹಿಸದೆಂಬುದನ್ನು ಡಾರ್ವಿನ್ನನು 1871ರಲ್ಲಿಯೇ ಬರೆದನು. ಅದನ್ನು ಕಾಣಲು ಡಾರ್ವಿನ್ನನೇ ಆಗಬೇಕಾಗಿಯೂ ಇಲ್ಲ. ನಾಯಿ ಸಾಕಿದ ಮನೆಯ ಮಕ್ಕಳೂ ಅದನ್ನು ಬಲ್ಲರು. ಕೆಳಗಿನ ಕಾರಣದಿಂದ ತಿಳಿಯಬಹುದಾದ ನಡತೆಗೆ ಮೇಲಿನ ಬುದ್ಧಿಯನ್ನು ಆರೋಪಿಸಬಾರದೆಂದು ಲಾಯ್ಡ್ ಮಾರ್ಗನ್ 1894ರಲ್ಲಿ ವಿಧಿಸಿದ ಎಚ್ಚರವು ಒಳ್ಳೆಯದೇ. ಆದರೆ ಎಚ್ಚರವು ಕುರುಡಾಗಬಾರದು. 2014ರಲ್ಲಿ ಕ್ರಿಸ್ಟೀನ್ ಹ್ಯಾರಿಸ್, ಕ್ಯಾರೊಲೀನ್ ಪ್ರೂವೊಸ್ಟ್ ಎಂಬಿಬ್ಬರು 36 ನಾಯಿಗಳನ್ನು ಪರೀಕ್ಷಿಸಿದರು. ಒಡೆಯರು ಪುಸ್ತಕವನ್ನು ಓದುತ್ತಿದ್ದಾಗ ನಾಯಿಗಳು ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ. ಅಲುಗಾಡುವ ಬೊಂಬೆ ನಾಯಿಯನ್ನು ಮುದ್ದಿಸಿದಾಗ ಅಡ್ಡ ನುಗ್ಗಿ ಒಡೆಯರನ್ನೂ ಬೊಂಬೆಯನ್ನೂ ತಳ್ಳಿದುವು. 2021ರಲ್ಲಿ ನ್ಯೂಜಿಲೆಂಡಿನಲ್ಲಿ 18 ನಾಯಿಗಳ ಎದುರಿಗೆ ಒಂದು ಮರೆಯನ್ನಿಟ್ಟರು. ಬೊಂಬೆ ನಾಯಿಯು ಮರೆಯ ಹಿಂದಿದ್ದು ಕಾಣದೆ ಹೋದರೂ, ಒಡೆಯನ ಕೈಯಾಟವನ್ನು ಕಂಡು ನಾಯಿಗಳು ಹಗ್ಗವನ್ನು ಬಲವಾಗಿ ಎಳೆದುವು. ಬೊಂಬೆಯ ಬದಲು ಬಟ್ಟೆ ಸುತ್ತಿದ ಉರುಳೆಯನ್ನು ಸವರಿದಾಗ ಅಷ್ಟು ಎಳೆಯಲಿಲ್ಲ. ಕಾಣದ್ದನ್ನು ಚಿತ್ರಿಸಿಕೊಳ್ಳುವ ಶಕ್ತಿಯೂ ಪಶುವಿನಲ್ಲಿ ಒಂದು ಮಟ್ಟಿಗೆ ಉಂಟೆಂದು ಇದರಿಂದ ಒಪ್ಪಬೇಕಾಗುತ್ತದೆ. ಪಶುವಿಗೆ ಉರಿಯಿದೆ. ಆ ಉರಿಯನ್ನು ಅಲ್ಲಗಳೆಯುವುದು ಇಲ್ಲಿನ ಸಿದ್ಧಾಂತವಲ್ಲ.

ಹಾಗಾದರೆ ಸಿದ್ಧಾಂತವೇನು? ಕಬ್ಬಿಣದ ಗುಂಡಿನ ದೃಷ್ಟಾಂತವನ್ನೇ ಇನ್ನೊಂದು ಹೆಜ್ಜೆ ಮುಂದುವರಿಸಿದರೆ ಅದು ಸ್ಪಷ್ಟವಾಗುವುದು. ಬೆಂಕಿಯಿದ್ದ ಮಾತ್ರಕ್ಕೆ ಹೊಗೆ ಏಳದು. ಹಸಿಸೌದೆಯ ಸಂಪರ್ಕವಾದಾಗಲೇ ಏಳುವುದು. ಈ ಹಸಿಸೌದೆಯನ್ನು ನೈಯಾಯಿಕರು ಉಪಾಧಿಯೆಂದರು. ಸಂಗಾತಿಯು ಕೈತಪ್ಪುವಳೆಂದು ಕಂಡಾಗ ಮಿದುಳು ಕಾಯುವುದೂ ರಕ್ತದಲ್ಲಿ ರಸಗಳು ಏರುವುದೂ ಬೆಂಕಿ. ಅದು ಕೋತಿಗೂ ಇಲಿಗೂ ಮನುಷ್ಯನಿಗೂ ಸಮಾನವಾಗಿರಬಹುದು. ಆದರೆ ಮನೆಯನ್ನು ಕತ್ತಲುಮಾಡುವ ಸಂಶಯವೆಂಬ ಹೊಗೆಗೆ ಹಸಿಸೌದೆ ಬೇಕು. ಹೆಂಡತಿಯು ತನ್ನ ಸೊತ್ತೆಂಬ ಭಾವನೆ, ನಾಲ್ಕು ಜನ ನಗುವರೆಂಬ ಭಯ, ಬೀದಿಯ ಮಾತಿಗೆ ಕೊಡುವ ಕಿವಿ, ಕೇಳದೆ ನಿರ್ಣಯಿಸುವ ಅಹಂಕಾರ ಇವೇ ಆ ಸೌದೆ. ಇವು ಯಾವ ಕಪಿಯ ಮಿದುಳಿನಲ್ಲಿಯೂ ಬೆಳೆಯುವುದಿಲ್ಲ. ಮನುಷ್ಯನೇ ಹೊರಗಿನಿಂದ ಕಡಿದು ತಂದು ತನ್ನ ಒಲೆಗೆ ಒಡ್ಡುತ್ತಾನೆ. ಬೆಂಕಿಗೆ ಅವನು ಹೊಣೆಯಲ್ಲವೆಂದು ಒಪ್ಪಿದರೂ ಸೌದೆಗೆ ಹೊಣೆ ಅವನೇ.

ಇನ್ನು ಮೂರನೆಯ ದೋಷ. ಅದು ಎಲ್ಲಕ್ಕಿಂತ ಅಪಾಯಕರವಾದುದು. ಸಹಜವಾದುದು ಕ್ಷಮ್ಯವೆಂಬ ವಾದವು ಪ್ರಕೃತಿಯನ್ನು ಸಾಕ್ಷಿಗೆ ಕರೆಯುತ್ತದೆ. ಕರೆಯಲಿ, ಆದರೆ ಯಾವ ಪ್ರಾಣಿಯನ್ನು ಕರೆಯಬೇಕು? ಇಥಿಯೋಪಿಯದ ಹಮದ್ರಿಯಾಸ್ ಬಬೂನ್ ಎಂಬ ಕಪಿಯಲ್ಲಿ, ದೂರ ಸರಿದ ಹೆಣ್ಣಿನ ಕತ್ತನ್ನು ಗಂಡು ಕಚ್ಚಿ ಹಿಂದಕ್ಕೆ ಕರೆತರುತ್ತದೆಂದು ಹಾನ್ಸ್ ಕುಮ್ಮರ್ ಎಂಬ ಸ್ವಿಸ್ ಪಂಡಿತನು ವರ್ಣಿಸಿದ್ದಾನೆ. ಸಂಶಯಗ್ರಸ್ತನಾದ ಗಂಡನು ಈ ಸಾಕ್ಷಿಯನ್ನು ಸಂತೋಷದಿಂದ ಕರೆಯುವನು. ಆದರೆ ಇಂಗ್ಲೆಂಡಿನ ಕೇಂಬ್ರಿಜ್ ಸಸ್ಯೋದ್ಯಾನದಲ್ಲಿ ನಿಕ್ ಡೇವಿಸ್ ಅಭ್ಯಾಸಮಾಡಿದ ಡನಕ್ ಎಂಬ ಪುಟ್ಟ ಹಕ್ಕಿಯ ಸಾಕ್ಷಿ ಬೇರೆ. ಅಲ್ಲಿ ಅನೇಕ ವೇಳೆ ಒಂದು ಹೆಣ್ಣಿಗೆ ಇಬ್ಬರು ಗಂಡಂದಿರು. ಹಿರಿಯನು ಎಷ್ಟು ಕಾದರೂ ಹೆಣ್ಣು ತಪ್ಪಿಸಿಕೊಂಡು ಕಿರಿಯನನ್ನು ಸೇರುತ್ತದೆ. ಕೂಡಿದವರಿಬ್ಬರೂ ಮರಿಗಳಿಗೆ ಗುಟುಕು ಕೊಡುತ್ತಾರೆ. ಪ್ರೇರಿ ವೋಲ್‌ನ ದಾಯಾದಿಯಾದ ಮೆಡೊ ವೋಲ್ ಎಂಬ ಇಲಿ ಜೋಡಿಯನ್ನೇ ಕಟ್ಟುವುದಿಲ್ಲ. ಸುಮಾರು 2500 ಸಸ್ತನಿಜಾತಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಲೂಕಾಸ್ ಮತ್ತು ಕ್ಲಟನ್-ಬ್ರಾಕ್ ಅವರ ಲೇಖನದ ಪ್ರಕಾರ ಜೋಡಿಯಾಗಿ ಬಾಳುವ ಜಾತಿಗಳು ನೂರಕ್ಕೆ ಸುಮಾರು 9 ಮಾತ್ರ. ಸಂಶಯದ ಗಂಡನು ಪ್ರಕೃತಿಯನ್ನು ಅನುಸರಿಸುವೆನೆಂದರೆ, ಉಳಿದ ತೊಂಬತ್ತೊಂದರ ದಾರಿಯನ್ನು ತನ್ನ ಹೆಂಡತಿಗೂ ಬಿಟ್ಟುಕೊಡಲು ಸಿದ್ಧನಿರುವನೇ?

ದೂರದ ಸಾಕ್ಷಿಗಳು ಸಾಲದಿದ್ದರೆ ಹತ್ತಿರದ್ದೊಂದುಂಟು. ಧಾರವಾಡದ ಆಸುಪಾಸಿನ ಕಾಡುಗಳಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಎಂಬ ಪಂಡಿತನು ಮುಸುವಗಳ ಗುಂಪುಗಳನ್ನು ಹಿಂಬಾಲಿಸಿ ಅಭ್ಯಾಸಮಾಡಿದನು. ಹೊರಗಿನಿಂದ ಬಂದ ಗಂಡು ಮುಸುವವು ಗುಂಪಿನ ಹಳೆಯ ಯಜಮಾನನನ್ನು ಓಡಿಸಿ ಹೆಣ್ಣುಗಳನ್ನು ವಶಪಡಿಸಿಕೊಂಡ ಮೇಲೆ, ಹಿಂದಿನ ಗಂಡಿಗೆ ಹುಟ್ಟಿದ ಮರಿಗಳನ್ನು ಕಚ್ಚಿ ಕೊಂದುದನ್ನು ಅವನು ಲೋಕಕ್ಕೆ ತಿಳಿಸಿದನು. ಮುಸುವಕ್ಕೆ ಅದೂ ಸಹಜವೇ. ಆದರೆ ಧಾರವಾಡ ಸೀಮೆಯ ಯಾವ ಗೃಹಸ್ಥನೂ ಈ ನಿದರ್ಶನವನ್ನು ತೋರಿಸಿ, ಹೆಂಡತಿಯ ಮೊದಲ ಮದುವೆಯ ಮಗುವನ್ನು ಹಿಂಸಿಸುವ ಮಲತಂದೆಯನ್ನು ಮನ್ನಿಸಬೇಕೆಂದು ಕೇಳಿದುದಿಲ್ಲ. ಕೇಳಿದರೆ ಊರು ಉಗಿಯುತ್ತದೆ. ಮುಸುವದ ಒಂದು ಸಹಜವನ್ನು ಕಂಡು ಮೈ ನಡುಗಿಸಿಕೊಳ್ಳುವ ಮನುಷ್ಯನು ಟೀಟೀ ಕೋತಿಯ ಇನ್ನೊಂದು ಸಹಜವನ್ನು ಮಾತ್ರ ತಲೆಯ ಮೇಲೆ ಹೊತ್ತು ಕುಣಿಯುವುದೇಕೆ? ಮೊದಲನೆಯದು ಅವನಿಗೆ ಬೇಡ, ಎರಡನೆಯದು ಬೇಕು. ಅಂದಮೇಲೆ ನಿರ್ಣಯವನ್ನು ಕೊಡುತ್ತಿರುವುದು ಪ್ರಕೃತಿಯಲ್ಲ, ಅವನ ಬೇಕುಬೇಡಗಳು. ಸಾಕ್ಷಿಯನ್ನು ಆರಿಸಿದವನೇ ತೀರ್ಪನ್ನೂ ಬರೆದಿದ್ದಾನೆ.

ಮನುಷ್ಯನ ಕಾವಲು ಮಿದುಳಿನ ಕ್ಷಣಿಕ ಉದ್ರೇಕವಲ್ಲವೆಂಬುದಕ್ಕೆ ಶಾಸನಗಳೇ ಸಾಕ್ಷಿ. 1860ರ ಭಾರತೀಯ ದಂಡಸಂಹಿತೆಯ 497ನೆಯ ಕಲಮು ಪರಸ್ತ್ರೀಗಮನವನ್ನು ಶಿಕ್ಷಿಸುತ್ತಿತ್ತು. ಆದರೆ ಆ ಸ್ತ್ರೀಯ ಗಂಡನ ಸಮ್ಮತಿಯಿದ್ದರೆ ಅಪರಾಧವೇ ಇಲ್ಲವೆನ್ನುತ್ತಿತ್ತು. ಸ್ತ್ರೀಯ ಇಚ್ಛೆಗೆ ಅಲ್ಲಿ ಸ್ಥಾನವಿರಲಿಲ್ಲ. ತಪ್ಪಿದ ಗಂಡನ ಮೇಲೆ ಮೊಕದ್ದಮೆ ಹೂಡುವ ಹಕ್ಕೂ ಹೆಂಡತಿಗಿರಲಿಲ್ಲ. ಹೊಲದ ಒಡೆಯನ ಅಪ್ಪಣೆಯಿಲ್ಲದೆ ಬೇಲಿ ದಾಟಿದವನಿಗೆ ದಂಡವೆಂಬಂತಿದ್ದ ಆ ಶಾಸನವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 27ರಂದು ಸಂವಿಧಾನವಿರುದ್ಧವೆಂದು ತೆಗೆದುಹಾಕಿತು. ನೂರೈವತ್ತು ವರ್ಷಗಳಿಗೂ ಮೀರಿ ನಿಂತಿದ್ದ ಆ ಬೇಲಿಯನ್ನು ಕಟ್ಟಿದುದು ಲ್ಯಾಟರಲ್ ಸೆಪ್ಟಮ್ ಅಲ್ಲ. ಹಗಲು ಹೊತ್ತಿನಲ್ಲಿ, ತಣ್ಣನೆಯ ತಲೆಯಿಂದ, ಮಸಿ ಕಾಗದಗಳನ್ನು ಮುಂದಿಟ್ಟುಕೊಂಡು ಕುಳಿತ ಪುರುಷರು.

ಆವೇಶದ ವಾದಕ್ಕೂ ನ್ಯಾಯಾಲಯವು ಹಿಂದೆಯೇ ಉತ್ತರ ಕೊಟ್ಟಿದೆ. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಧಿಕಾರಿ ಕೆ. ಎಂ. ನಾನಾವತಿಯು, ತನ್ನ ಹೆಂಡತಿಯ ಬಾಯಿಂದಲೇ ಅನ್ಯಸಂಬಂಧದ ಸಂಗತಿಯನ್ನು ಕೇಳಿ, ಆ ಅನ್ಯಪುರುಷನನ್ನು ಗುಂಡಿಟ್ಟು ಕೊಂದನು. ಜ್ಯೂರಿಯವರಲ್ಲಿ ಎಂಟು ಮಂದಿ ಅವನನ್ನು ನಿರ್ದೋಷಿಯೆಂದರು, ಒಬ್ಬನು ಮಾತ್ರ ಒಪ್ಪಲಿಲ್ಲ. ಆದರೆ ಉಚ್ಚ ನ್ಯಾಯಾಲಯವು ಕೊಲೆಯ ಅಪರಾಧಿಯೆಂದು ಶಿಕ್ಷಿಸಿತು. 1961ರ ನವೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮಾತನ್ನು ಕೇಳಿದ ಮೇಲೆ ಅವನು ಹೆಂಡತಿಮಕ್ಕಳನ್ನು ಸಿನೆಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರನ್ನು ಪಡೆದು, ಆ ಅನ್ಯಪುರುಷನ ಮನೆಗೆ ಹೋದನು. ಮನೆಯನ್ನು ಬಿಟ್ಟುದು ಒಂದೂವರೆ ಗಂಟೆಗೆ, ಗುಂಡು ಹಾರಿದುದು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ. ಆ ನಡುವಣ ಸುಮಾರು ಮೂರು ಗಂಟೆಗಳು ಮನಸ್ಸನ್ನು ಹತೋಟಿಗೆ ತಂದುಕೊಳ್ಳಲು ಸಾಕಾಗಿದ್ದುವೆಂದು ನ್ಯಾಯಾಲಯವು ಹೇಳಿತು. 1964ರಲ್ಲಿ ಅವನಿಗೆ ಕ್ಷಮಾದಾನ ದೊರೆತುದು ರಾಜ್ಯಾಧಿಕಾರದ ಕರುಣೆ. ಶಾಸ್ತ್ರದ ನಿರ್ಣಯವು ಅದರಿಂದ ಬದಲಾಗಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 101ನೆಯ ಕಲಮಿನಲ್ಲಿಯೂ ತೀವ್ರವೂ ಆಕಸ್ಮಿಕವೂ ಆದ ಪ್ರಚೋದನೆಯ ವಿನಾಯಿತಿ ಉಳಿದಿದೆ. ಆದುದರಿಂದ ಮಿದುಳಿನ ಚಿತ್ರಪಟವನ್ನು ಹಿಡಿದು ನ್ಯಾಯಾಲಯದ ಬಾಗಿಲಿಗೆ ಹೋಗುವ ವಕೀಲರು ನಾಳೆ ಬರಲಾರರೆಂದು ಹೇಳುವಂತಿಲ್ಲ. ಅಂದು ನ್ಯಾಯಾಲಯವು ಎಣಿಸಿದುದು ಮಿದುಳು ಕಾದಿತೋ ಇಲ್ಲವೋ ಎಂಬುದನ್ನಲ್ಲ; ಕಾದ ಮಿದುಳು ತಣಿಯುವುದಕ್ಕೆ ಎಷ್ಟು ಹೊತ್ತು ಸಿಕ್ಕಿತ್ತು ಎಂಬುದನ್ನು. ಟೀಟೀ ಕೋತಿಗೆ ಆ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಮನುಷ್ಯನಿಗೆ ಕೇಳುತ್ತಾರೆ. ಹಾಗೆ ಕೇಳುವುದರಲ್ಲಿಯೇ ಮನುಷ್ಯನ ಗೌರವವಿದೆ. ನೀನು ಕಪಿ, ನಿನ್ನನ್ನು ಕೇಳಿ ಫಲವೇನೆಂದು ಬಿಟ್ಟುಬಿಡುವುದು ಕ್ಷಮೆಯಂತೆ ಕಾಣುವ ಅವಮಾನ.

ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ದೋಷಗಳನ್ನು ರಾಗ, ದ್ವೇಷ, ಮೋಹಗಳೆಂಬ ಮೂರು ಗುಂಪು ಮಾಡಿದನು. ಮತ್ಸರವನ್ನು ಕಾಮ ಲೋಭಗಳ ಜೊತೆಗೆ ರಾಗದ ಪಕ್ಷಕ್ಕೂ, ಈರ್ಷ್ಯೆಯನ್ನು ಕ್ರೋಧ ದ್ರೋಹಗಳ ಜೊತೆಗೆ ದ್ವೇಷದ ಪಕ್ಷಕ್ಕೂ ಸೇರಿಸಿದನು. ಒಲವಿನ ಮಗ್ಗುಲಲ್ಲಿ ಹುಟ್ಟುವುದೊಂದು, ಹಗೆಯ ಮಗ್ಗುಲಲ್ಲಿ ಹುಟ್ಟುವುದಿನ್ನೊಂದು ಎಂಬ ಈ ವಿವೇಕವು ಇಲಿಯ ಮಿದುಳನ್ನು ತೆರೆದು ನೋಡದೆಯೇ ಬಂದುದು. ಪ್ರೇರಿ ವೋಲ್‌ನಲ್ಲಿ ಒಲವಿನ ಜೊತೆಯಲ್ಲಿಯೇ ಕಾವಲು ಮೂಡುವುದನ್ನು ಪಂಡಿತರು ಕಂಡರು. ಆ ಕಾವಲು ಹೊರಗಿನಿಂದ ಬಂದವನ ಕಡೆಗೆ ತಿರುಗುವುದನ್ನೂ ಕಂಡರು. ಮನುಷ್ಯನ ಸಂಶಯವು ಬಹುಪಾಲು ತಿರುಗುವುದು ಒಳಗಿರುವವಳ ಕಡೆಗೆ. ಒಲವಿನ ಪಕ್ಷವನ್ನು ಬಿಟ್ಟು ಹಗೆಯ ಪಕ್ಷಕ್ಕೆ ಅದು ಸರಿದುಹೋಗುವ ಹೊತ್ತನ್ನು ಯಾವ ಸ್ಕ್ಯಾನ್ ಯಂತ್ರವೂ ತೋರಿಸಲಾರದು. ಗಂಡನೇ ತನ್ನಲ್ಲಿ ತಾನು ನೋಡಿಕೊಳ್ಳಬೇಕು.

ಆದಕಾರಣ ವಿದ್ಯಾವಂತರ ಮನೆಗಳಲ್ಲಿ ಇನ್ನು ಮುಂದೆ ಕಪಿಯ ಮಿದುಳಿನ ಮಾತು ಬಂದಾಗ ಅದನ್ನು ಕೌತುಕದಿಂದ ಕೇಳಲಿ, ಮಕ್ಕಳಿಗೂ ಹೇಳಲಿ; ಬಾಲಕ್ಕೆ ಬಾಲವನ್ನು ಹೆಣೆದುಕೊಂಡು ಕುಳಿತ ಆ ಚಿಕ್ಕ ಪ್ರಾಣಿಗಳ ಸಂಸಾರದಲ್ಲಿ ಮೆಚ್ಚತಕ್ಕುದು ಬಹಳವಿದೆ. ಮರಿಯನ್ನು ತಂದೆಯೇ ಹೊರುವನೆಂಬ ಸಂಗತಿಯನ್ನು ಮಾತ್ರ ಆ ಕಪಿಯ ಹೆಸರು ಹೇಳಿಕೊಂಡು ಅನುಕರಿಸಿದ ಗಂಡಂದಿರ ವಾರ್ತೆ ಈವರೆಗೆ ಕೇಳಿಬಂದಿಲ್ಲ.